ಬೆಕ್ಕಿನ ಲಿಟರ್ ಬಾಕ್ಸನ್ನು ಮನೆಯಲ್ಲಿ ಎಲ್ಲಿಡಬೇಕು?

ಕಲಬುರಗಿಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆಂಬುದು ಗೊತ್ತಿದ್ದರೂ, ವಾಸನೆಗೆ ಹೆದರಿ ಲಿಟರ್ ಬಾಕ್ಸನ್ನು, ಅಂದರೆ ಬೆಕ್ಕಿನ ಮಲಮೂತ್ರಕ್ಕೆಂದು ಮರಳು ತುಂಬಿಡುವ ಪೆಟ್ಟಿಗೆಯನ್ನು, ಮಾಳಿಗೆಯ ಮೇಲೆ ಇಡುವವರಿದ್ದಾರೆ. ಕಾದ ಮಾಳಿಗೆಯ ಮೇಲೆ ಕಾಲಿಡಲಾರದ ಬೆಕ್ಕು ಮನೆಯೊಳಗೇ ಒಂದು ಮೂಲೆಯನ್ನು ಹುಡುಕಿಕೊಂಡರೆ ಅದು ಬೆಕ್ಕಿನ ತಪ್ಪಲ್ಲ. ಉಣ್ಣುವ ಜಾಗದ ಹತ್ತಿರ ಮಲವಿಸರ್ಜನೆ ಮಾಡಲು ಬೆಕ್ಕು ಇಷ್ಟಪಡುವುದಿಲ್ಲವಾದ್ದರಿಂದ, ಊಟ ಮತ್ತು ನೀರಿನ ಬಟ್ಟಲುಗಳಿಂದ ದೂರವಾದ, ಜನರ ಓಡಾಟ ಕಡಿಮೆಯಿರುವ, ಆದರೆ ಹಗಲು ರಾತ್ರಿ ಬಾಗಿಲು ತೆರೆದೇ ಇರುವ ಜಾಗವನ್ನು ಆರಿಸಬೇಕು. ಕೂಲರ್ ಅಥವಾ ವಾಷಿಂಗ್ ಮಷಿನ್ ಪಕ್ಕ ಬೇಡ. ಬಾಕ್ಸಿನೊಳಗಿರುವಾಗ ಒಮ್ಮೆ ಸದ್ದಿಗೆ ಬೆದರಿದ ಬೆಕ್ಕು ಮತ್ತೆ ಆ ಕಡೆ ಸುಳಿಯದಿರಬಹುದು. ನಮ್ಮ ಮನೆಯಲ್ಲಿ ಬಚ್ಚಲಿನ ಹೊರಗೆ ಫರಸಿ ಹಾಸಿದ ಮೂಲೆ ಸರಿಹೊಂದಿತು, ಏಕೆಂದರೆ ಶಹಾಬಾದ್ ಕಲ್ಲಿನ ಮೇಲೆ ಚೆಲ್ಲಿದ ಮರಳನ್ನು ಗುಡಿಸುವುದು ಸುಲಭ.

ಎರಡು ಬೆಕ್ಕುಗಳಿದ್ದರೆ ಮೂರು ಬಾಕ್ಸ್‌ಗಳನ್ನು ಬೇರೆ ಬೇರೆ ಕಡೆ ಇಡಬೇಕೆಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಜಾಗ ಬದಲಿಸುವಾಗ ಹೊಸ ಕಡೆ ಇನ್ನೊಂದು ಬಾಕ್ಸ್ ಇಟ್ಟು, ಬೆಕ್ಕಿಗೆ ಅದು ರೂಢಿಯಾದ ಮೇಲಷ್ಟೇ ಹಳೆಯದನ್ನು ತೆಗೆಯಿರಿ. ಮನೆಯಲ್ಲಿ ಗರ್ಭಿಣಿಯರಿದ್ದರೆ, ಬೆಕ್ಕಿನ ಮಲದ ಮೂಲಕ ಹರಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಸೋಂಕಿನ ಅಪಾಯವಿರುವುದರಿಂದ, ಬಾಕ್ಸನ್ನು ಬೇರೆಯವರು ಪ್ರತಿದಿನ ತಪ್ಪದೆ ಸ್ವಚ್ಛಗೊಳಿಸಬೇಕು.