ಹೆಸರಿನಲ್ಲೊಂದು ಊರು: ಅಂತರ್ಜಾಲ ಬಾನುಲಿಯಲ್ಲಿ ನನ್ನ ಭಾನುವಾರದ ಒಂದು ಗಂಟೆ

ಮೊದಲ ಕಾರ್ಯಕ್ರಮಕ್ಕೆ ನಾನು ಆರಿಸಿಕೊಂಡ ವಿಷಯ ಮಳೆ. ಜೂನ್ ತಿಂಗಳು, ಹೊರಗೆ ಮಳೆ ಹಿಡಿದುಕೊಂಡಿತ್ತು. ಬೇರೆ ವಿಷಯ ಬೇಕೆನಿಸಲಿಲ್ಲ. ಮಲ್ಹಾರ್, ಅಮೃತವರ್ಷಿಣಿಯಂಥ ಮಳೆಯ ರಾಗಗಳು, ರಂಗಗೀತೆ, ದೇವರನಾಮ ಎಲ್ಲವೂ ಹೊಂದುತ್ತಿದ್ದವು. ತೊಡಕು ಇದ್ದದ್ದೇ ಅಲ್ಲಿ. ಎಲ್ಲವೂ ಹೊಂದುವ ಕಡೆ ಯಾವ ಹಾಡಿಗೂ ಪಕ್ಕದ ಹಾಡಿನ ಹಂಗಿರುವುದಿಲ್ಲ. ಸರದಿಯನ್ನು ತಲೆಕೆಳಗು ಮಾಡಿದ್ದರೂ ಕೇಳುಗರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ನಮ್ಮದು ಕೆಲವು ಸ್ನೇಹಿತರು ಕೂಡಿ ನಡೆಸುವ ಪುಟ್ಟ ಅಂತರ್ಜಾಲ ಬಾನುಲಿ. ಭಾನುವಾರ ರಾತ್ರಿ ಒಂಬತ್ತರಿಂದ ಹತ್ತರವರೆಗೆ ನನ್ನ ಸರದಿ. ನಾನು ಹಾಕುವುದು ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಮಾತ್ರ. ಅವುಗಳ ಮೇಲಿನ ಪ್ರೀತಿ ಒಂದು ಕಾರಣ, ಕಾನೂನು ಇನ್ನೊಂದು. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬೇರೆ. ಅದು ಕರ್ತೃ ತೀರಿಕೊಂಡ ಬಳಿಕವೂ 60 ವರ್ಷ ಉಳಿಯುತ್ತದೆ. ಆದ್ದರಿಂದ ರಂಗಗೀತೆಗಳನ್ನು ಹಾಕುವ ಮೊದಲು ಬರೆದವರು ಯಾರೆಂದು ಹುಡುಕುತ್ತೇನೆ. ಬಾನುಲಿ ಕೇಂದ್ರಗಳಿಗಿರುವ ಶಾಸನಬದ್ಧ ಪರವಾನಗಿ (ಹಕ್ಕುದಾರರ ಒಪ್ಪಿಗೆಗೆ ಕಾಯದೆ, ನಿಗದಿತ ಶುಲ್ಕ ಕೊಟ್ಟು ಹಾಡು ಹಾಕುವ ಅವಕಾಶ) ಅಂತರ್ಜಾಲಕ್ಕೆ ಅನ್ವಯಿಸುವುದಿಲ್ಲವೆಂದು ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿದ ಮೇಲೆ ಈ ಎಚ್ಚರ ಇನ್ನೂ ಹೆಚ್ಚಾಗಿದೆ.

ತಟ್ಟೆಯ ಒಂದು ಮುಖ ಸುಮಾರು ಮೂರು ನಿಮಿಷ. ಹನ್ನೆರಡು ತಟ್ಟೆ ಹಾಕಿದರೆ ನನ್ನ ಮಾತಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಮಯ ಉಳಿಯುತ್ತದೆ. ಅಷ್ಟು ಮಾತು ಸಲ್ಲಬೇಕಾದರೆ ವಿಷಯ ಇಕ್ಕಟ್ಟಾಗಿರಬೇಕು. ಹೀಗೆ ಯೋಚಿಸುತ್ತಿದ್ದಾಗ ಕಪಾಟಿನಲ್ಲಿದ್ದ ತಟ್ಟೆಗಳ ಹೆಸರುಗಳೇ ದಾರಿ ತೋರಿಸಿದವು: ಹಾನಗಲ್, ಮನಸೂರು, ಬೆಂಗಳೂರು, ಕರ್ನಾಟಕಿ. ವಿಷಯ ಸಿಕ್ಕಿತು. ಹೆಸರಿನಲ್ಲಿ ಊರು ಹೊತ್ತ ಗಾಯಕರು.

ಇದಕ್ಕೆ ಸರದಿ ತಾನಾಗಿ ಒದಗಿತು. ಕುಂದಗೋಳದ ರಾಮಭಾವು ಕುಂದಗೋಳಕರ ಅವರಿಂದ ಆರಂಭಿಸಿದೆ. ‘ಸವಾಯಿ ಗಂಧರ್ವ’ ಎಂಬ ಬಿರುದು ಬಂದ ಮೇಲೆ ಅವರ ಹೆಸರಿನಿಂದ ಊರು ಮರೆಯಾಯಿತು. ಮುಂದಿನ ತಟ್ಟೆಯನ್ನು ಹೆಸರು ಹೇಳದೆ ಹಾಕಿದೆ. ತೆಳುವಾದ, ಎತ್ತರದ ಹೆಣ್ಣು ದನಿ. ಮುಗಿದ ಮೇಲೆ ಹೇಳಿದೆ: ತಟ್ಟೆಯ ಮೇಲಿನ ಹೆಸರು ‘ಗಾಂಧಾರಿ ಹುಬ್ಬಳ್ಳಿ’, ನಮಗೆಲ್ಲ ಗೊತ್ತಿರುವ ಹೆಸರು ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಬದುಕಿ, ಸವಾಯಿ ಗಂಧರ್ವರ ಪಾಠಕ್ಕಾಗಿ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಬರುತ್ತಿದ್ದ ಆಕೆ ಕೊನೆಗೆ ಉಳಿಸಿಕೊಂಡದ್ದು ಮನೆತನದ ಊರನ್ನು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ದನಿ ಬದಲಾದದ್ದರಿಂದ, ಆಕೆಯ ಗಂಭೀರ ಕಂಠವನ್ನು ಬಲ್ಲ ಕೇಳುಗರು ಈ ತಟ್ಟೆಯನ್ನು ಗುರುತಿಸುವುದು ಕಷ್ಟ. ಗುರುವಿನ ತಟ್ಟೆಯ ಬೆನ್ನಿಗೆ ಬಂದದ್ದರಿಂದಲೇ ಆ ಮೂರು ನಿಮಿಷಕ್ಕೆ ಅಷ್ಟು ತೂಕ ಬಂದಿತು. ಮಳೆಯ ಕಾರ್ಯಕ್ರಮದಲ್ಲಿ ಅದನ್ನೇ ಹಾಕಿದ್ದರೆ ಸುಮ್ಮನೆ ಕಳೆದುಹೋಗುತ್ತಿತ್ತು.

ಅಲ್ಲಿಂದ ಮಲ್ಲಿಕಾರ್ಜುನ ಮನಸೂರ, ನಂಜನಗೂಡಿನಲ್ಲಿ ಹುಟ್ಟಿಯೂ ಬೆಂಗಳೂರಿನ ಹೆಸರು ಹೊತ್ತು ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಯ ಬಳಿ ನೆಲೆ ನಿಂತ ನಾಗರತ್ನಮ್ಮ, ಆಮೇಲೆ ಬೀಳಗಿಯ ಅಮೀರ್‌ಬಾಯಿ. ಆಕೆಯ ಹೆಸರಿನಲ್ಲಿ ಇಡೀ ನಾಡೇ ಇದೆ. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅಮೀರ್‌ಬಾಯಿ ಕರ್ನಾಟಕಿ ತೀರಿಕೊಂಡದ್ದು 1965ರಲ್ಲಿ. ಇದನ್ನು ಹೇಳುವಾಗ ನನ್ನ ದನಿ ತುಸು ನಡುಗಿತು. ಆ ಭಾಗವನ್ನು ಮತ್ತೆ ಮುದ್ರಿಸಬಹುದಿತ್ತು, ಹಾಗೆಯೇ ಬಿಟ್ಟೆ.

ತಟ್ಟೆಯಿಂದ ಕಂಪ್ಯೂಟರಿಗೆ ಇಳಿಸುವುದೇ ವಾರದ ದೊಡ್ಡ ಕೆಲಸ. ಎಲ್‌ಪಿಯ, ಅಂದರೆ ಆಮೇಲೆ ಬಂದ ದೀರ್ಘ ಅವಧಿಯ ತಟ್ಟೆಗಳ, ಮುಳ್ಳು ಇವುಗಳಿಗೆ ಸಲ್ಲದು. ಅದು ಅಗಲವಾದ ಗೀರಿನ ತಳಕ್ಕಿಳಿದು ಬರೀ ಕಸವನ್ನೇ ಓದುತ್ತದೆ. ಸುಮಾರು ಮೂರು ಪಟ್ಟು ದಪ್ಪದ ಮುಳ್ಳು ಬೇಕು. ಹಳೆಯ ತಟ್ಟೆಗಳೆಲ್ಲ ನಿಜವಾಗಿ 78ರಲ್ಲೇ ಮುದ್ರಿತವಾದವಲ್ಲ. ವೇಗ ತಪ್ಪಿದರೆ ಶ್ರುತಿಯೂ ತಪ್ಪುತ್ತದೆ. ಹಾಗಾಗಿ ಹಾರ್ಮೋನಿಯಂ ಪಕ್ಕದಲ್ಲಿಟ್ಟುಕೊಂಡು ಹಾಡಿನ ಶ್ರುತಿ ಅದರ ಯಾವ ಮನೆಗೆ, ಅಂದರೆ ಯಾವ ಕೀಲಿಯ ಸ್ವರಕ್ಕೆ, ಹತ್ತಿರವಿದೆಯೆಂದು ನೋಡುತ್ತೇನೆ. ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಚಟಪಟ ಸದ್ದನ್ನು ತೆಗೆಯುತ್ತೇನೆ, ಗೊರಗೊರವನ್ನು ಮುಟ್ಟುವುದಿಲ್ಲ. ಅದನ್ನು ತೊಳೆಯಲು ಹೋದರೆ ದನಿಯ ಉಸಿರೂ ಜೊತೆಗೆ ಹೋಗುತ್ತದೆ. ಎರಡು ಕಾರ್ಯಕ್ರಮಗಳನ್ನು ಹಾಗೆ ಕೆಡಿಸಿದ್ದೇನೆ.

ಪ್ರಸಾರ ಸುಲಭ. ಧ್ವನಿಯನ್ನು ಅಂತರ್ಜಾಲದಲ್ಲಿ ಹರಿಸುವ ಐಸ್‌ಕಾಸ್ಟ್ ಸರ್ವರ್, ಒಂದು ಮೈಕ್, ಮೊದಲೇ ಮುದ್ರಿಸಿಟ್ಟ ಒಂದು ಕಡತ. ಕರೆಂಟ್ ಹೋದರೆ ಸರ್ವರ್ ತಾನಾಗಿ ಆ ಕಡತಕ್ಕೆ ಹೊರಳುವಂತೆ ಹೊಂದಿಸಿದ್ದೇವೆ. ಹಳೆಯ ತಟ್ಟೆಗಳಿಗೆ ಸ್ಟೀರಿಯೊ ಬೇಕಿಲ್ಲ. ಸೆಕೆಂಡಿಗೆ 64 ಕಿಲೋಬಿಟ್ ದತ್ತಾಂಶ ಸಾಕು, ಕೇಳುಗರಿಗೆ ಗಂಟೆಗೆ 29 ಎಂಬಿ ಖರ್ಚು. ಅಮೆರಿಕದವರು ಮಾತ್ರ ನವೆಂಬರಿನಲ್ಲಿ ಗಡಿಯಾರ ಹಿಂದಕ್ಕಿಟ್ಟಾಗ ಕಾರ್ಯಕ್ರಮ ತಪ್ಪಿಸಿಕೊಳ್ಳುತ್ತಿದ್ದರು. ಕ್ಯಾಲಿಫೋರ್ನಿಯದಲ್ಲಿ ಬೆಳಗಿನ ಎಂಟೂವರೆಗೆ ಕೇಳುತ್ತಿದ್ದವರಿಗೆ ಅದು ಏಳೂವರೆಗೇ ಬಂದುಬಿಡುತ್ತದೆ. ಈಗ ಎರಡು ವಾರ ಮೊದಲೇ ಹೇಳುತ್ತೇನೆ.

ಊರಿನ ಹೆಸರಿನ ಆ ಕಾರ್ಯಕ್ರಮದಲ್ಲಿ ದೊಡ್ಡ ತಪ್ಪೊಂದನ್ನು ಮಾಡಿದೆ. ಸಂಗ್ರಾಹಕರೊಬ್ಬರು ಕೊಟ್ಟ ಕಡತದ ಮೇಲೆ ‘ಗೋಹರ್’ ಎಂದಷ್ಟೇ ಇತ್ತು. ಕೋಲ್ಕತ್ತದಲ್ಲಿ 1902ರಲ್ಲಿ ತಮ್ಮ ಮೊದಲ ತಟ್ಟೆಗಳಿಗೆ ಹಾಡಿದ ಗಾಯಕಿ ಗೋಹರ್ ಜಾನ್ ಎಂದುಕೊಂಡು, ಊರಿಲ್ಲದ ಹೆಸರೆಂದು ಪರಿಚಯಿಸಿ ಹಾಕಿದೆ. ಹತ್ತು ಗಂಟೆಗೆ ಮೈಕ್ ಮುಚ್ಚುವಷ್ಟರಲ್ಲಿ ಹಿರಿಯ ಕೇಳುಗರೊಬ್ಬರ ಸಂದೇಶ ಬಂದಿತ್ತು: ಅದು ಗೋಹರ್‌ಬಾಯಿ ಕರ್ನಾಟಕಿ, ಅಮೀರ್‌ಬಾಯಿಯ ಸೋದರಿ. ಅವರ ಮಾತು ಸರಿ. ನನ್ನ ಕಿವಿಯೇ ಎಚ್ಚರಿಸಬೇಕಿತ್ತು. ವಿದ್ಯುತ್ ಮೈಕಿನ ಮುದ್ರಣ ಆರಂಭವಾದದ್ದು 1925ರಲ್ಲಿ. ಆ ತಟ್ಟೆಯಲ್ಲಿ ತಬಲಾದ ಎಡಗೈ ಸ್ಪಷ್ಟವಾಗಿ ಕೇಳುತ್ತಿತ್ತು. ಅದಕ್ಕೂ ಮೊದಲು, ಮೈಕಿಲ್ಲದೆ ತುತ್ತೂರಿಯೊಳಗೆ ಹಾಡಿಸುತ್ತಿದ್ದ ಕಾಲದ ಮುದ್ರಣದಲ್ಲಿ ಆ ನಾದ ಸಿಗುವುದಿಲ್ಲ.

ಮುಂದಿನ ಭಾನುವಾರ ಕ್ಷಮೆ ಕೇಳಿ ಎರಡನ್ನೂ ಬೆನ್ನುಬೆನ್ನಿಗೆ ಹಾಕಿದೆ. ಮೊದಲು ಗೋಹರ್‌ಬಾಯಿ. ಆಮೇಲೆ ಗೋಹರ್ ಜಾನ್, ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳುವ ತಟ್ಟೆ. ಆಗ ಮೂಲ ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗುತ್ತಿದ್ದವು. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಲೆಂದು ಆ ಕೂಗು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದ ಆಕೆ 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಅಷ್ಟು ಹೇಳಿ ಮೈಕ್ ಮುಚ್ಚಿದೆ. ಆಕೆ ಹೆಸರು ಹೇಳುವ ಆ ಕೊನೆಯ ಕ್ಷಣಗಳನ್ನು ಇನ್ನೊಮ್ಮೆ ಹಾಕಿದೆ.