ಆಸ್ಪತ್ರೆಯ ಗಾಳಿಗೆ ಯುವಿ ದೀಪ: ಫ್ಯಾನ್ ಮೊದಲು, ದೀಪ ಆಮೇಲೆ

ಕ್ಷಯ, ದಡಾರ, ಕೋವಿಡ್ ಇವೆಲ್ಲ ಗಾಳಿಯಲ್ಲಿ ತೇಲಿಕೊಂಡು ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತವೆ. ಬೆಂಗಳೂರಿನಲ್ಲಿ ಮನೆಯನ್ನೇ ಮಾರ್ಪಾಟು ಮಾಡಿದ ನರ್ಸಿಂಗ್ ಹೋಮ್‌ಗಳು ಬಹಳ. ಕಿಟಕಿ ತೆಗೆದರೆ ಮೂರಡಿ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ, ಒಳಗೆ ಇಪ್ಪತ್ತು ಜನ, ತಲೆಯ ಮೇಲೆ ಒಂದು ಸ್ಪ್ಲಿಟ್ ಎಸಿ. ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದೇ ಇಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ರೋಗಾಣುಗಳನ್ನು ಕೊಲ್ಲುವ ಯುವಿ (ಅತಿನೇರಳೆ) ದೀಪ ನಿಜಕ್ಕೂ ಕೆಲಸಕ್ಕೆ ಬರುವುದು ಇಂಥ ಜಾಗದಲ್ಲಿ. ಆದರೆ ಗಾಳಿ ದೀಪದ ಬೆಳಕಿಗೆ ಬಂದು ಹೋಗುತ್ತಿದ್ದರೆ ಮಾತ್ರ.

ಮೊದಲು ಈಗಿರುವ ಗಾಳಿಯನ್ನು ಅಳೆಯಿರಿ. ಬೇಕಾದದ್ದು ಒಂದು ಟೇಪು, ಗಾಳಿಯ ವೇಗ ಅಳೆಯುವ ಒಂದು ಅನಿಮೋಮೀಟರ್. 6 ಮೀಟರ್ ಉದ್ದ, 5 ಮೀಟರ್ ಅಗಲ, 3.2 ಮೀಟರ್ ಎತ್ತರದ ಕಾಯುವ ಕೋಣೆ ಎಂದುಕೊಳ್ಳಿ: 96 ಘನ ಮೀಟರ್. ಗಾಳಿ ಒಳಬರುವ ಕಿಟಕಿಯ ತೆರೆದ ಭಾಗ ಅರ್ಧ ಚದರ ಮೀಟರ್, ಅಲ್ಲಿ ವೇಗ ಸೆಕೆಂಡಿಗೆ 0.3 ಮೀಟರ್ ಇದ್ದರೆ ಗಂಟೆಗೆ 540 ಘನ ಮೀಟರ್ ಗಾಳಿ. ಅಂದರೆ ಕೋಣೆಯ ಗಾಳಿ ಗಂಟೆಗೆ ಸುಮಾರು 5.6 ಸಲ ಬದಲಾಗುತ್ತದೆ. ಹೊರರೋಗಿ ವಿಭಾಗಕ್ಕೆ 6, ಗಾಳಿಯಿಂದ ಹರಡುವ ರೋಗ ಇರುವವರನ್ನು ಇಡುವ ಪ್ರತ್ಯೇಕ ಕೋಣೆಗೆ 12 ಎಂಬುದು ರೂಢಿಯ ಗುರಿ. ಬೆಳಿಗ್ಗೆ ಒಮ್ಮೆ, ಸಂಜೆ ಗಾಳಿ ನಿಂತಾಗ ಒಮ್ಮೆ ಅಳೆಯಿರಿ. ಎರಡರಲ್ಲಿ ಕಡಿಮೆ ಬಂದದ್ದೇ ನಿಮ್ಮ ಲೆಕ್ಕ. ಸಾವಿರ ರೂಪಾಯಿ ಚಿಲ್ಲರೆಯ ಎಕ್ಸಾಸ್ಟ್ ಫ್ಯಾನ್‌ನಿಂದ ಗುರಿ ಮುಟ್ಟುವುದಾದರೆ ಅದನ್ನೇ ಮೊದಲು ಹಾಕಿಸಿ. ಗೋಡೆ ಒಡೆಯಲಾಗದು, ಕಿಟಕಿ ತೆಗೆಯಲಾಗದು ಎಂದಾಗ ಯುವಿ.

ಓಪಿಡಿ, ವಾರ್ಡುಗಳಿಗೆ ಸರಿಹೊಂದುವುದು ಮೇಲ್ಭಾಗದ ಯುವಿ. ಫಿಕ್ಸ್ಚರಿನ, ಅಂದರೆ ಟ್ಯೂಬ್ ಕೂರಿಸಿದ ಪೆಟ್ಟಿಗೆಯ, ಮುಂದೆ ಒತ್ತೊತ್ತಾಗಿ ಕಪ್ಪು ಪಟ್ಟಿಗಳಿರುತ್ತವೆ. ಅವು 254 ನ್ಯಾನೊಮೀಟರ್ ಕಿರಣವನ್ನು ಜನರ ತಲೆಯ ಮೇಲಿನ ಪದರದಲ್ಲಷ್ಟೇ ಅಡ್ಡಡ್ಡ ಹಾಯಿಸುತ್ತವೆ. ಕೆಳಗೆ ಕೆಮ್ಮಿದ ಗಾಳಿ ಮೇಲೇರಿ, ಅಲ್ಲಿ ಶುದ್ಧವಾಗಿ, ಮತ್ತೆ ಇಳಿಯುತ್ತದೆ. ಪೆರುವಿನ ಲಿಮಾದಲ್ಲಿ ವಾರ್ಡಿನ ಗಾಳಿಯನ್ನು ಗಿನಿಯಿಲಿಗಳಿಗೆ ಹಾಯಿಸಿ ನೋಡಿದ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಯುವಿ ಇಲ್ಲದಾಗ 35 ಪ್ರತಿಶತ ಪ್ರಾಣಿಗಳಿಗೆ ಕ್ಷಯದ ಸೋಂಕು ತಗುಲಿತ್ತು, ಮೇಲ್ಭಾಗದ ಯುವಿ ಮತ್ತು ಫ್ಯಾನ್ ಇದ್ದಾಗ 9.5 ಪ್ರತಿಶತಕ್ಕೆ ಇಳಿಯಿತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆಪರೇಷನ್ ಥಿಯೇಟರಿನಲ್ಲಿ ರಾತ್ರಿ ಉರಿಸುವ ಬರಿ ಟ್ಯೂಬನ್ನು ಜನರಿರುವ ಕೋಣೆಗೆ ತಂದು ಹಾಕಬೇಡಿ. ಹತ್ತು ನಿಮಿಷ ಸಾಕು, ಆರೆಂಟು ಗಂಟೆ ಕಳೆದ ಮೇಲೆ ಕಣ್ಣಿಗೆ ಮರಳು ಹೊಕ್ಕಂತೆ ಉರಿ ಶುರುವಾಗುತ್ತದೆ. ಆಗ ಯಾರಿಗೂ ದೀಪದ ನೆನಪೇ ಇರುವುದಿಲ್ಲ, ಕಣ್ಣು ಬಂದಿದೆ ಎಂದು ಡ್ರಾಪ್ಸ್ ಹಾಕಿಕೊಂಡು ಮರುದಿನ ಅದೇ ಕುರ್ಚಿಗೆ ಬರುತ್ತಾರೆ.

ಎಷ್ಟು ದೀಪ ಬೇಕು? ಅಂಗಡಿಯವರು ಟ್ಯೂಬಿನ ವ್ಯಾಟ್ ಹೇಳುತ್ತಾರೆ, ಅದರಿಂದ ಲೆಕ್ಕ ಬರುವುದಿಲ್ಲ. ಟ್ಯೂಬ್ ತಿನ್ನುವ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ಯುವಿ ಆಗುತ್ತದೆ, ಅದರಲ್ಲೂ ಬಹುಪಾಲನ್ನು ಆ ಕಪ್ಪು ಪಟ್ಟಿಗಳೇ ಹೀರುತ್ತವೆ. ಕೇಳಬೇಕಾದದ್ದು ಫಿಕ್ಸ್ಚರಿನಿಂದ ಹೊರಬರುವ ಒಟ್ಟು ಯುವಿ ಎಷ್ಟು, ಅದರ ಲ್ಯಾಬ್ ವರದಿ ಎಲ್ಲಿ ಎಂದು. ವರದಿ ಇಲ್ಲದ ಮಾಲು ಬೇಡ. ಕೋಣೆಯ ಪ್ರತಿ ಘನ ಮೀಟರಿಗೆ ಕನಿಷ್ಠ 12 ಮಿಲಿವ್ಯಾಟ್ ಇಟ್ಟುಕೊಳ್ಳಿ. ನಮ್ಮ 96 ಘನ ಮೀಟರಿಗೆ 1.15 ವ್ಯಾಟ್, ಒಂದು ಫಿಕ್ಸ್ಚರ್ 0.6 ವ್ಯಾಟ್ ಕೊಟ್ಟರೆ ಎರಡು, ಎದುರುಬದುರು ಗೋಡೆಗೆ. ತೇವಾಂಶ 60 ಪ್ರತಿಶತ ದಾಟಿದರೆ ಯುವಿಯ ಕೊಲ್ಲುವ ಶಕ್ತಿ ಕುಗ್ಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಗಾಳಿ ಆ ಗೆರೆಯ ಮೇಲೇ ಇರುತ್ತದೆ, ಆದ್ದರಿಂದ ಇಲ್ಲಿ ಮೂರನೆಯದನ್ನೂ ಹಾಕುವುದು ದುಂದಲ್ಲ. ಟ್ಯೂಬ್ ಓಝೋನ್ ಬಿಡದ ಬಗೆಯದ್ದಾಗಿರಲಿ.

ಫಿಕ್ಸ್ಚರಿನ ತಳ ನೆಲದಿಂದ 2.1 ಮೀಟರಿಗಿಂತ ಕೆಳಗೆ ಬರಬಾರದು. ಫಾಲ್ಸ್ ಸೀಲಿಂಗ್ ಹಾಕಿ 2.4 ಮೀಟರಿಗೆ ಇಳಿಸಿದ್ದರೆ ಜಾಗ ತೀರ ಇಕ್ಕಟ್ಟು, ಸೀಲಿಂಗ್ ತೆಗೆಸುವುದೇ ಮೇಲು. ಮಿನುಗುವ ಅಲ್ಯೂಮಿನಿಯಂ ಹಲಗೆಗಳಿದ್ದರೆ ಕಿರಣ ತಟ್ಟಿ ಕೆಳಗೆ ಬೀಳುತ್ತದೆ. ಟೈಟಾನಿಯಂ ಡೈಆಕ್ಸೈಡ್ ಇರುವ ಸಾದಾ ಬಿಳಿ ಮ್ಯಾಟ್ ಬಣ್ಣ ಅದನ್ನು ಹೀರಿಕೊಳ್ಳುತ್ತದೆ. ಸೀಲಿಂಗ್ ಫ್ಯಾನ್ ನಿಧಾನವಾಗಿ ತಿರುಗುತ್ತಲೇ ಇರಬೇಕು. ಡಿಸೆಂಬರ್ ಚಳಿಗೆ ರೋಗಿಗಳು ಫ್ಯಾನ್ ಆರಿಸುತ್ತಾರೆ, ಅಲ್ಲಿಗೆ ಮೇಲಿನ ಗಾಳಿ ಮೇಲೆ, ಕೆಳಗಿನದು ಕೆಳಗೆ. ಫ್ಯಾನು, ದೀಪ ಎರಡನ್ನೂ ಒಂದೇ ಸ್ವಿಚ್ಚಿಗೆ ಕೊಟ್ಟು, ಯುಪಿಎಸ್‌ಗೆ ಸೇರಿಸಿ, ಬೀಗದ ಪೆಟ್ಟಿಗೆಯಲ್ಲಿಡಿ.

ಹಾಕಿದ ಮೇಲೆ ಅಳೆಯದೆ ಒಪ್ಪಿಕೊಳ್ಳಬೇಡಿ. ಹೊಸ ಟ್ಯೂಬ್ 100 ಗಂಟೆ ಉರಿಯಲಿ. 254 ನ್ಯಾನೊಮೀಟರಿಗೆ ಕ್ಯಾಲಿಬ್ರೇಟ್ ಆದ, ಚದರ ಸೆಂಟಿಮೀಟರಿಗೆ 0.1 ಮೈಕ್ರೊವ್ಯಾಟ್‌ವರೆಗೆ ಓದಬಲ್ಲ ಮೀಟರ್ ಬೇಕು. 1.8 ಮೀಟರ್ ಎತ್ತರದಲ್ಲಿ ಹಿಡಿದು, ಸೆನ್ಸರನ್ನು ಫಿಕ್ಸ್ಚರಿನತ್ತ ತಿರುಗಿಸಿ, ಮೀಟರಿಗೊಂದು ಜಾಗದಂತೆ ಕೋಣೆಯಿಡೀ ಓದಿ, ಫ್ಯಾನ್ ಓಡುತ್ತಿರುವಾಗಲೇ. ಜನರ ಮೇಲೆ ಬೀಳಬಹುದಾದ ಯುವಿಗೆ 8 ಗಂಟೆಗೆ ಚದರ ಸೆಂಟಿಮೀಟರಿಗೆ 6 ಮಿಲಿಜೂಲ್ ಮಿತಿ. ರಿಸೆಪ್ಷನ್ ಮೇಜಿನಂತೆ ಒಬ್ಬರೇ ದಿನವಿಡೀ ಕೂರುವ ಕಡೆ 0.2 ಮೈಕ್ರೊವ್ಯಾಟ್ ದಾಟಬಾರದು. 0.4 ಇದ್ದರೆ ನಾಲ್ಕು ಗಂಟೆಗೇ ಮಿತಿ ಮುಗಿಯುತ್ತದೆ. ಮೇಲಿನ ಪದರದಲ್ಲಿ ಸರಾಸರಿ 30ರಿಂದ 50 ಮೈಕ್ರೊವ್ಯಾಟ್ ಬರಬೇಕು. ಎಲ್ಲರೂ ಮರೆಯುವ ಜಾಗ ಒಂದಿದೆ: ಮೆಟ್ಟಿಲು. ಅರ್ಧ ಮಹಡಿ ಹತ್ತಿದವರ ಕಣ್ಣು ನೇರ ಆ ಪದರದ ಮಟ್ಟಕ್ಕೇ ಬರುತ್ತದೆ. ಅಲ್ಲಿ ನಿಂತು ಮೀಟರ್ ಹಿಡಿಯಿರಿ, ಅಪ್ಪನ ಹೆಗಲ ಮೇಲಿನ ಮಗುವಿನ ಎತ್ತರದಲ್ಲೂ ಹಿಡಿಯಿರಿ.

ಎಎಚ್‌ಯು (ಗಾಳಿಯನ್ನು ತಣ್ಣಗೆ ಮಾಡಿ ಕೊಳವೆಗಳಲ್ಲಿ ಕೋಣೆಗಳಿಗೆ ಕಳಿಸುವ ದೊಡ್ಡ ಯಂತ್ರ) ಇರುವ ದೊಡ್ಡ ಆಸ್ಪತ್ರೆಗಳಲ್ಲಿ ದೀಪವನ್ನು ಕೂಲಿಂಗ್ ಕಾಯಿಲ್ ದಾಟಿದ ಕಡೆ ಕಟ್ಟುತ್ತಾರೆ. ಕಾಯಿಲ್ ಮೇಲಿನ ಲೋಳೆ ತೊಲಗಿಸಲು ಅಲ್ಲಿ 50ರಿಂದ 100 ಮೈಕ್ರೊವ್ಯಾಟ್ ಸಾಕು. ಹರಿಯುವ ಗಾಳಿಯನ್ನೇ ಶುದ್ಧ ಮಾಡಬೇಕಾದರೆ ಲೆಕ್ಕ ಸಾವಿರಗಳಲ್ಲಿ, ಏಕೆಂದರೆ ಸೆಕೆಂಡಿಗೆ 2.5 ಮೀಟರ್ ವೇಗದ ಗಾಳಿ 60 ಸೆಂಟಿಮೀಟರ್ ಉದ್ದದ ಬೆಳಕನ್ನು ಕಾಲು ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ತಣ್ಣನೆಯ ಗಾಳಿ ಬಡಿದರೆ ಟ್ಯೂಬಿನ ಯುವಿ ಇಳಿಯುತ್ತದೆ, ಆ ತಾಪಮಾನಕ್ಕೆ ಎಷ್ಟು ಎಂಬ ಅಂಕಿಯನ್ನೇ ಕೇಳಿ. ವೈರಿನ ಹೊದಿಕೆ, ಗ್ಯಾಸ್ಕೆಟ್, ಫಿಲ್ಟರಿನ ಬಟ್ಟೆ ಯುವಿಗೆ ಪುಡಿಯಾಗುತ್ತವೆ, ಬೆಳಕು ಬೀಳುವ ಕಡೆ ಅಲ್ಯೂಮಿನಿಯಂ ಟೇಪ್ ಸುತ್ತಿ. ಬಾಗಿಲು ತೆಗೆದರೆ ದೀಪ ತಾನೇ ಆರಬೇಕು.

ನೀಲಿ ಬೆಳಕು ಕಂಡ ಮಾತ್ರಕ್ಕೆ ಟ್ಯೂಬ್ ಚೆನ್ನಾಗಿದೆ ಎಂದಲ್ಲ. ಯುವಿ ಕುಸಿದ ಮೇಲೂ ನೀಲಿ ಉಳಿಯುತ್ತದೆ. 9,000 ಗಂಟೆಗೆ, ಅಂದರೆ ಸತತ ಉರಿದರೆ ವರ್ಷಕ್ಕೊಮ್ಮೆ ಬದಲಿಸಿ. ತಿಂಗಳಿಗೊಮ್ಮೆ ದೀಪ ಆರಿಸಿ, ತಣ್ಣಗಾದ ಮೇಲೆ ಕೈಗವಸು ಹಾಕಿ, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ನಾರು ಬಿಡದ ಬಟ್ಟೆಯಿಂದ ಒರೆಸಿ. ಮಳೆಗಾಲದ ಹುಳುಗಳು ಪಟ್ಟಿಗಳ ನಡುವೆ ಸಿಕ್ಕಿ ಸಾಲಾಗಿ ಸತ್ತಿರುತ್ತವೆ, ಅವನ್ನೂ ಕುಂಚದಿಂದ ತೆಗೆಯಿರಿ. ಟ್ಯೂಬ್ ಒಡೆದರೆ ಜನರನ್ನು ಹೊರಗೆ ಕಳಿಸಿ, ಕಿಟಕಿ ತೆಗೆಯಿರಿ. ಪೊರಕೆ, ವ್ಯಾಕ್ಯೂಮ್ ಬೇಡ. ಚೂರುಗಳನ್ನು ಗಟ್ಟಿ ಕಾಗದದಲ್ಲಿ ಎತ್ತಿ ಮುಚ್ಚಳದ ಡಬ್ಬಿಗೆ ಹಾಕಿ. ಒಳಗಿರುವುದು ಪಾದರಸ, ಹಾಗಾಗಿ ಹಳೆಯ ಟ್ಯೂಬುಗಳೂ ಬಿಬಿಎಂಪಿ ಕಾಲದಿಂದ ರೂಢಿಯಾದ ಕಸದ ಆಟೊಗೆ ಹೋಗುವಂತಿಲ್ಲ, ಅಧಿಕೃತ ಇ-ತ್ಯಾಜ್ಯ ಮರುಬಳಕೆದಾರರಿಗೇ ಹೋಗಬೇಕು.

ಬೀಗದ ಪೆಟ್ಟಿಗೆಯ ಕೀ ನರ್ಸಿಂಗ್ ಇನ್‌ಚಾರ್ಜ್ ಬಳಿ ಇರಲಿ. ಪೇಂಟರ್, ಎಲೆಕ್ಟ್ರಿಷಿಯನ್, ಟಿವಿ ರಿಪೇರಿಯವರು ಏಣಿ ಹತ್ತುವ ಮುನ್ನ ಆ ಕೀ ಅವರ ಜೇಬಿಗೆ ಬರಬೇಕು, ಇಳಿದ ಮೇಲೆ ವಾಪಸ್. ಪಕ್ಕದಲ್ಲೇ ಕನ್ನಡದಲ್ಲಿ ದೊಡ್ಡದಾಗಿ ಬರೆಸಿ: ಮೇಲೆ ಯುವಿ ಇದೆ, ದೀಪ ಆರಿಸದೆ ಏಣಿ ಹತ್ತಬೇಡಿ.