ಚೌಡಿಕೆಯ ಹಾಡುಗಾರ್ತಿಗೆ ಪದ್ಮ ನಾಮನಿರ್ದೇಶನ: ನನ್ನ ಅನುಭವ

ಗಣರಾಜ್ಯೋತ್ಸವದ ಮುನ್ನಾದಿನ ಪ್ರಕಟವಾಗುವ ಪದ್ಮ ಪ್ರಶಸ್ತಿಗಳಿಗೆ ಯಾರು ಬೇಕಾದರೂ ಹೆಸರು ಸೂಚಿಸಬಹುದು ಎಂಬುದು ನಮ್ಮ ಹಳ್ಳಿಗಳ ಬಹುಪಾಲು ಕಲಾವಿದರಿಗೆ ಇನ್ನೂ ತಿಳಿದಿಲ್ಲ. ರಾಷ್ಟ್ರೀಯ ಪುರಸ್ಕಾರ ಜಾಲತಾಣದಲ್ಲಿ ಅರ್ಜಿ ತುಂಬಿ, ಆ ವ್ಯಕ್ತಿಯ ಸಾಧನೆಯನ್ನು 800 ಪದಗಳೊಳಗೆ ನಿರೂಪಿಸಬೇಕು. ಚೌಡಿಕೆ ಎಂಬ ತಂತಿವಾದ್ಯ ನುಡಿಸುತ್ತ ಹಾಡುವ ವಿಜಯನಗರ ಜಿಲ್ಲೆಯ ಒಬ್ಬ ಹಾಡುಗಾರ್ತಿಯ ಪರವಾಗಿ ನಾನು ಈ ಕೆಲಸ ಮಾಡಿದೆ. ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡ, ಎಂದರೆ ದೇವದಾಸಿಯಾಗಿ ಸಮರ್ಪಿತರಾದ ಆ ತಾಯಿ, ಎಲ್ಲಮ್ಮನ ಕಥೆಯನ್ನು ಹಾಡುತ್ತಲೇ ನಡುನಡುವೆ ಹಾಡು ನಿಲ್ಲಿಸಿ, ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಬೇಡಿರೆಂದು ನೆರೆದವರಿಗೆ ಹೇಳುತ್ತ ಬಂದವರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ ಕಾಯ್ದೆ 1982ರದು. ಆದರೆ ಕಾಯ್ದೆಯ ಮಾತು ಕಿವಿಗೆ ಬೀಳದ ಮನೆಗಳ ಅಂಗಳದಲ್ಲಿ ಕೂತು ಹಾಡಿದವರು ಇವರು.

ಅರ್ಜಿಯ ಆರಂಭದಲ್ಲೇ ಕ್ಷೇತ್ರ ಯಾವುದೆಂದು ಹೇಳಬೇಕಾಗುತ್ತದೆ: ಕಲೆಯೋ, ಸಮಾಜಸೇವೆಯೋ? ಇಂಥವರ ವಿಷಯದಲ್ಲಿ ಬಹಳ ಯೋಚಿಸಬೇಕಾದದ್ದು ಇಲ್ಲಿಯೇ. ಹಾಲಕ್ಕಿ ಸಮುದಾಯದ ಹಾಡುಗಳ ಕಣಜವಾಗಿದ್ದು, ಅಂಕೋಲೆಯ ಸೀಮೆಯಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಒಗ್ಗೂಡಿಸಿದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಕಲೆಯ ವಿಭಾಗದಲ್ಲಿ. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಬಂದದ್ದೂ ಅದೇ ವಿಭಾಗದಲ್ಲಿ. ಇವೆರಡನ್ನೂ ಗಮನಿಸಿ ನಾನು ಕಲೆಯನ್ನೇ ಆರಿಸಿಕೊಂಡೆ. ಈ ತಾಯಿಯ ಸಮಾಜಸೇವೆಗೆ ಹಾಡಿನಿಂದ ಬೇರೆಯಾದ ರೂಪವೇ ಇರಲಿಲ್ಲ. ಅವರನ್ನು ಕೇವಲ ಕಾರ್ಯಕರ್ತೆಯೆಂದು ಬರೆದಿದ್ದರೆ, ರಾತ್ರಿಯಿಡೀ ಕಥೆ ನಡೆಸಬಲ್ಲ ಅವರ ನೆನಪಿನ ಶಕ್ತಿ, ಕಂಠ, ಮೇಳ ಕಟ್ಟಿದ ಶ್ರಮ ಎಲ್ಲವೂ ಅಡಿಟಿಪ್ಪಣಿಯಾಗಿ ಉಳಿಯುತ್ತಿದ್ದವು.

ಬರೆಯುವ ಮೊದಲು ಅವರ ಒಪ್ಪಿಗೆ ಕೇಳಿದೆ. ನಿಯಮ ಏನೇ ಇರಲಿ, ಒಬ್ಬರ ಬದುಕನ್ನು ಸರ್ಕಾರದ ಕಡತಕ್ಕೆ ಸೇರಿಸುವವರು ಕೇಳಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ತಮಗೆ ಮುತ್ತು ಕಟ್ಟಿದ ಸಂಗತಿಯನ್ನು ಬರೆಯಲು ಅವರು ತಾವಾಗಿಯೇ ಹೇಳಿದರು. ಆದರೆ ತಮ್ಮ ಮಾತಿನಿಂದ ಉಳಿದುಕೊಂಡ ಹುಡುಗಿಯರ ಹೆಸರಾಗಲಿ, ಊರಾಗಲಿ ಎಲ್ಲಿಯೂ ಬರಬಾರದೆಂದರು. ಆ ಹುಡುಗಿಯರಿಗೆ ಈಗ ಮದುವೆಯಾಗಿದೆ, ಮಕ್ಕಳಿದ್ದಾರೆ. ಅರ್ಜಿಗೆ ಅತ್ಯಂತ ಬಲ ಕೊಡಬಹುದಾಗಿದ್ದ ಪುರಾವೆ ಹೀಗೆ ಹೊರಗುಳಿಯಿತು, ಉಳಿಯಬೇಕಾದದ್ದೂ ನ್ಯಾಯವೇ. ಬಳಿಕ ಅವರು ಇನ್ನೊಂದು ಮಾತು ಕೇಳಿದರು: “ನನಗ ಕೊಟ್ರ, ನನ್ನ ಹಿಂದ ಶ್ರುತಿ ಹಿಡಿಯಾಕಿಗೆ ಏನು ಕೊಡ್ತಾರ ತಮ್ಮಾ?” ಪದ್ಮ ಪ್ರಶಸ್ತಿಯ ಜೊತೆಗೆ ಹಣವಿಲ್ಲ, ರಾಷ್ಟ್ರಪತಿಗಳ ಸಹಿಯುಳ್ಳ ಸನದು ಮತ್ತು ಪದಕ ಮಾತ್ರ, ಅದೂ ಒಬ್ಬರಿಗೇ ಎಂದು ವಿವರಿಸಿದೆ. ಹಾಗಾದರೆ ಮೇಳದವರೆಲ್ಲರ ವಿಷಯವನ್ನೂ ಬರೆಯಬೇಕೆಂದು ಅವರು ಹಟ ಹಿಡಿದರು; ನಿರೂಪಣೆಯ ಒಂದು ಇಡೀ ಭಾಗ ಮೇಳದ ಬಗೆಗೇ ಆಯಿತು.

ಹುಡುಗಿಯರ ಹೆಸರಿಲ್ಲದೆ ಈ ತಾಯಿಯ ಕೆಲಸವನ್ನು ತೋರಿಸಲು, ಅದನ್ನು ಕಂಡವರ ಬಳಿಗೆ ಹೋದೆ. ಅಂಗನವಾಡಿಯ ಕಾರ್ಯಕರ್ತೆ, ಶಾಲೆಯ ನಿವೃತ್ತ ಮುಖ್ಯೋಪಾಧ್ಯಾಯರು, ಇವರನ್ನು ಹಾಡಲು ಕರೆಸಿದ್ದ ಮಹಿಳಾ ಸಂಘದವರು ತಾವು ಕಣ್ಣಾರೆ ಕಂಡದ್ದನ್ನು ಬರೆದುಕೊಟ್ಟರು. ಹಳೆಯ ಕರಪತ್ರಗಳು, ಜಾತ್ರೆಯ ಆಹ್ವಾನ ಪತ್ರಿಕೆಗಳು, ಪತ್ರಿಕಾ ವರದಿಯ ತುಣುಕುಗಳು ಟ್ರಂಕಿನ ತಳದಿಂದ ಹೊರಬಂದವು. ಇಸವಿಗಳನ್ನು ಖಚಿತಪಡಿಸಿಕೊಳ್ಳಲು ಅವು ಬಹಳ ನೆರವಾದವು. ಸೂಚಿಸುವವರು ದೊಡ್ಡ ವ್ಯಕ್ತಿಗಳ ಶಿಫಾರಸು ಪತ್ರಗಳಿಗಾಗಿ ಅಲೆಯುವುದನ್ನು ನೋಡಿದ್ದೇನೆ. ನನ್ನ ಮಟ್ಟಿಗೆ ಅಂಗನವಾಡಿಯ ಕಾರ್ಯಕರ್ತೆಯ ಅರ್ಧ ಪುಟ ಅವೆಲ್ಲಕ್ಕಿಂತ ಹೆಚ್ಚು ತೂಕದ್ದು.

ಕನ್ನಡದಲ್ಲಿ ಮೊದಲು ದೀರ್ಘವಾಗಿ ಬರೆದು, ನಂತರ ಇಳಿಸುತ್ತ ಬಂದು ಇಂಗ್ಲಿಷಿಗೆ ತಂದೆ. ‘ಮಹಾನ್’, ‘ಅಪ್ರತಿಮ’, ‘ನಿಸ್ವಾರ್ಥ’ ಮುಂತಾದ ವಿಶೇಷಣಗಳನ್ನು ತೆಗೆದುಹಾಕಿದ ಮೇಲೆ, ಯಾವ ಊರಿನಲ್ಲಿ, ಯಾವ ಕಾಲದಲ್ಲಿ, ಯಾರ ಮುಂದೆ, ಏನು ಮಾಡಿದರು ಎಂಬುದಕ್ಕೆ ಸಾಕಷ್ಟು ಜಾಗ ಸಿಕ್ಕಿತು. ಚೌಡಿಕೆ ಎಂದರೇನೆಂದು ದೆಹಲಿಯಲ್ಲಿ ಓದುವವರಿಗೆ ತಿಳಿದಿರಬೇಕಾಗಿಲ್ಲವಾದ್ದರಿಂದ, ಕಂಕುಳಲ್ಲಿ ಇರುಕಿಕೊಂಡು ನುಡಿಸುವ ಈ ತಂತಿವಾದ್ಯ ಎಲ್ಲಮ್ಮನ ಭಕ್ತರ ಪರಂಪರೆಯದೆಂದು ಎರಡು ವಾಕ್ಯಗಳಲ್ಲಿ ಹೇಳಿದೆ. ಮುತ್ತು ಕಟ್ಟುವ ಪದ್ಧತಿಯನ್ನು ವಿರೋಧಿಸಲು ಅದೇ ಪರಂಪರೆಯ ವಾದ್ಯ ಬಳಕೆಯಾಯಿತು ಎಂಬುದು ಇಡೀ ನಿರೂಪಣೆಯ ತಿರುಳು. ಅದನ್ನು ಮೊದಲ ಪ್ಯಾರಾದಲ್ಲಿಯೇ ಇಟ್ಟೆ. ಸಲ್ಲಿಸುವ ಮುನ್ನ ಕನ್ನಡದ ಪ್ರತಿಯನ್ನು ಅವರ ಮನೆಯಲ್ಲಿ ಮೇಳದವರೆದುರು ಓದಿ ಹೇಳಿ, ಅವರು ಹೇಳಿದ ತಿದ್ದುಪಡಿಗಳನ್ನು ಸೇರಿಸಿದೆ.

ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ವರ್ಷವೊಂದಕ್ಕೆ ಸಾಮಾನ್ಯವಾಗಿ 120ಕ್ಕಿಂತ ಹೆಚ್ಚು ಪದ್ಮ ಪ್ರಶಸ್ತಿಗಳನ್ನು ಕೊಡುವಂತಿಲ್ಲ, ದೇಶವಿಡೀ ಹೆಸರುಗಳು ಬರುತ್ತವೆ. ಮತ್ತೆ ಸೂಚಿಸಲು ಅಡ್ಡಿಯೇನೂ ಇಲ್ಲ. ಒಟ್ಟುಮಾಡಿದ್ದ ದಾಖಲೆಗಳಲ್ಲಿ ಶ್ರುತಿ ಹಿಡಿಯುವ ಹಿರಿಯ ಕಲಾವಿದೆಗೆ ಸಂಬಂಧಿಸಿದವನ್ನು ಬೇರ್ಪಡಿಸಿ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿಸಿದ್ದೇನೆ. ಮುಂದಿನ ಸುತ್ತಿನ ನಾಮನಿರ್ದೇಶನ ಆರಂಭವಾಗುವುದರೊಳಗೆ ಚೌಡಿಕೆಯ ಈ ತಾಯಿಯ ಹಾಡುಗಳನ್ನು ಧ್ವನಿಮುದ್ರಿಸಿ, ಯಾವ ಹಾಡನ್ನು ಯಾರಿಂದ ಕಲಿತರು ಎಂಬ ವಿವರದೊಂದಿಗೆ ಬರೆದಿಡುವ ಕೆಲಸ ಈಗ ನಡೆಯುತ್ತಿದೆ.